ಕುಂದಿದ್ದರೂ ಕಾಡುವ ಕಥಾ ಗೇಮ್‌ಗಳು: ಐದರಲ್ಲಿ ನಿಮಗೆ ಯಾವುದು?

"ಕಥೆಗಾಗಿಯೇ ಒಂದು ಗೇಮ್ ಆಡಬೇಕು, ಯಾವುದನ್ನು ಹಿಡಿಯಲಿ?" ಎಂದು ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಆಗಲೇ ಒಂದು ಪಟ್ಟಿ ಇರುತ್ತದೆ. ಗ್ರಿಮ್ ಫ್ಯಾಂಡಾಂಗೋ, ಸೈಬೀರಿಯಾ, ದಿ ವಾಕಿಂಗ್ ಡೆಡ್, ಲೈಫ್ ಈಸ್ ಸ್ಟ್ರೇಂಜ್, ಟು ದಿ ಮೂನ್. ಪಟ್ಟಿ ಚೆನ್ನಾಗಿಯೇ ಇದೆ. ತೊಡಕು ಶುರುವಾಗುವುದು ಇವುಗಳ ವಿಮರ್ಶೆ ಓದಲು ಕುಳಿತಾಗ. ನಡಿಗೆ ನಿಧಾನ, ಒಗಟಿಗೆ ತಲೆಬುಡವಿಲ್ಲ, ತುಟಿಗೂ ಮಾತಿಗೂ ತಾಳೆಯಿಲ್ಲ, ನಾವು ಮಾಡುವ ಆಯ್ಕೆಗೆ ಕಿಮ್ಮತ್ತಿಲ್ಲ ಎಂದು ಉದ್ದಕ್ಕೂ ದೂರಿದ ಮನುಷ್ಯ ಕೊನೆಯ ಸಾಲಿನಲ್ಲಿ "ಮರೆಯಲಾಗದ ಅನುಭವ" ಎಂದು ಬರೆದು ಎದ್ದು ಹೋಗಿರುತ್ತಾನೆ. ಓದಿದವರು ಏನು ತಿಳಿಯಬೇಕು?

ಅವನು ಎರಡನ್ನೂ ನಿಜವಾಗಿಯೇ ಹೇಳಿದ್ದಾನೆ. ಈ ಬಗೆಯ ಗೇಮ್‌ಗಳಲ್ಲಿ ಕುಂದುಗಳನ್ನು ಎಣಿಸಿ ಪ್ರಯೋಜನವಿಲ್ಲ. ಕುಂದು ಎಲ್ಲಿ ಕೂತಿದೆ ಎಂದು ನೋಡಬೇಕು.

ಮೊದಲು ಅಳತೆಗೋಲು

ನನ್ನ ಲೆಕ್ಕದಲ್ಲಿ ಕುಂದು ಕೂರುವ ಜಾಗಗಳು ನಾಲ್ಕು. ಮೊದಲನೆಯದು ಕೈ. ಪಾತ್ರವನ್ನು ಬಾಗಿಲಿನಿಂದ ಮೇಜಿನ ತನಕ ನಡೆಸುವುದೇ ಹರಸಾಹಸವಾದರೆ ಅದು ಕೈಯ ಕುಂದು. ರೀಮಾಸ್ಟರ್, ಅಂದರೆ ಹಳೆಯ ಗೇಮನ್ನೇ ತಿದ್ದಿ ಮತ್ತೆ ತಂದ ಆವೃತ್ತಿ, ಬಂದಿದ್ದರೆ ಬಹುಪಾಲು ಅದರಲ್ಲಿ ಸರಿಹೋಗಿರುತ್ತದೆ. ಎರಡನೆಯದು ತಲೆ, ಅಂದರೆ ಅನ್ಯಾಯದ ಒಗಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕು ಎನ್ನುವ ತರ್ಕ ಹಳೆಯ ಸಾಹಸ ಗೇಮ್‌ಗಳಲ್ಲಿ ಧಾರಾಳವಾಗಿದೆ. ವಾಕ್‌ಥ್ರೂ, ಅಂದರೆ ಬೇರೆಯವರು ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟ ಉತ್ತರ, ತೆರೆದರೆ ಐದು ನಿಮಿಷದಲ್ಲಿ ದಾಟಬಹುದು. ಮೂರನೆಯದು ಕಿವಿ: ಕೃತಕ ಸಂಭಾಷಣೆ, ಒಣ ಧ್ವನಿ. ವಿಚಿತ್ರವೆಂದರೆ ಇದಕ್ಕೆ ಒಂದು ಗಂಟೆಯೊಳಗೆ ಒಗ್ಗಿಹೋಗುತ್ತೇವೆ.

ನಾಲ್ಕನೆಯದು ಕಥೆಯೊಳಗೇ ಇರುವ ಕುಂದು. ಇದಕ್ಕೆ ಮದ್ದಿಲ್ಲ. 2010ರ ಹೆವಿ ರೈನ್ ಎಂಬ ಗೇಮ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಈಥನ್ ಎಂಬ ತಂದೆಗೆ ಆಗಾಗ ಎಚ್ಚರ ತಪ್ಪುತ್ತದೆ, ಎಚ್ಚೆತ್ತಾಗ ಕೈಯಲ್ಲಿ ಮಡಿಸಿದ ಕಾಗದದ ಬೊಂಬೆ ಇರುತ್ತದೆ. ಆಟದ ಅರ್ಧ ಕುತೂಹಲ ಇದರ ಮೇಲೆಯೇ ನಿಂತಿದೆ. ಆಟ ಮುಗಿಯುತ್ತದೆ, ಅದು ಹೇಗಾಯಿತೆಂದು ಯಾರೂ ಹೇಳುವುದಿಲ್ಲ. ಮುಖ್ಯ ಪಾತ್ರವೊಂದು ಸತ್ತರೂ ಕಥೆ ನಿಲ್ಲದೆ ಮುಂದೆ ಸಾಗುವ ಧೈರ್ಯ ಆ ಗೇಮ್‌ಗಿದೆ, ಅದಕ್ಕಾಗಿ ನನಗೆ ಗೌರವವೂ ಇದೆ. ಆದರೆ ಮೊದಲ ಸಲ ಆಡುವವರಿಗೆ ಕೊಡಲು ಮನಸ್ಸು ಬರುವುದಿಲ್ಲ, ಆದ್ದರಿಂದ ಈ ಐದರಲ್ಲಿ ಅದು ಇಲ್ಲ.

ಇನ್ನೊಂದು ಅಳತೆ, ಆಟ ಮುಗಿದು ವರ್ಷ ಕಳೆದ ಮೇಲೆ ಏನು ಉಳಿಯುತ್ತದೆ ಎಂಬುದು. ಕೆಲವು ಗೇಮ್‌ಗಳಿಂದ ಒಂದು ಲೋಕ ಉಳಿಯುತ್ತದೆ, ಕೆಲವುಗಳಿಂದ ಒಬ್ಬ ವ್ಯಕ್ತಿ, ಕೆಲವುಗಳಿಂದ ನೀವೇ ತೆಗೆದುಕೊಂಡ ಒಂದು ನಿರ್ಧಾರ. ಇವುಗಳಲ್ಲಿ ನಿಮಗೆ ಯಾವುದು ಬೇಕೆಂದು ಗೊತ್ತಿದ್ದರೆ ಆಯ್ಕೆಯ ಮುಕ್ಕಾಲು ಕೆಲಸ ಮುಗಿದಂತೆ. ಸಮಯ, ಯಂತ್ರದ ಬಲ, ಇಂಗ್ಲಿಷ್ ಓದಿನ ವೇಗ ಇವೆಲ್ಲ ಆಮೇಲಿನ ಮಾತು. ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದೂ ಹಳೆಯ ಗೇಮ್‌ಗಳು, ರಿಯಾಯಿತಿ ಮಾರಾಟ ಬಂದಾಗ ಹೊಸ ಗೇಮ್ ಒಂದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಖರ್ಚಾಗುವುದು ಸಂಜೆಗಳು.

ಲೋಕ ಬೇಕಾದವರಿಗೆ: ಗ್ರಿಮ್ ಫ್ಯಾಂಡಾಂಗೋ

1998ರಲ್ಲಿ ಲೂಕಸ್‌ಆರ್ಟ್ಸ್ ಸಂಸ್ಥೆಯಲ್ಲಿ ಟಿಮ್ ಶೇಫರ್ ಮುಂದಾಳತ್ವದಲ್ಲಿ ಬಂದ ಗೇಮ್ ಇದು. ನಾಯಕ ಮ್ಯಾನಿ ಕಲಾವೆರಾ ಸತ್ತವರ ಲೋಕದಲ್ಲಿ ಟ್ರಾವೆಲ್ ಏಜೆಂಟ್. ಸತ್ತು ಬಂದವರಿಗೆ ಅವರವರ ಪುಣ್ಯಕ್ಕೆ ತಕ್ಕ ಪ್ರಯಾಣದ ಪ್ಯಾಕೇಜ್ ಮಾರುವುದು ಅವನ ಉದ್ಯೋಗ. ಒಳ್ಳೆಯ ಬಾಳು ಬಾಳಿದವರಿಗೆ 'ನಂಬರ್ ನೈನ್' ಎಂಬ ರೈಲು, ನಾಲ್ಕು ವರ್ಷದ ದಾರಿ ನಾಲ್ಕೇ ನಿಮಿಷ. ಪುಣ್ಯ ಸಾಲದವರಿಗೆ ಹಿಡಿಯಲ್ಲಿ ದಿಕ್ಸೂಚಿ ಇರುವ ಒಂದು ಊರುಗೋಲು, ಅಷ್ಟೇ. ಸತ್ತವರ ಲೋಕದಲ್ಲಿ ಮತ್ತೆ ಸಾಯುವುದು ಹೇಗೆ ಎನ್ನುತ್ತೀರಾ? ಗುಂಡು ತಗುಲಿದ ಅಸ್ಥಿಪಂಜರದ ಎಲುಬುಗಳಿಂದ ಗಿಡ ಚಿಗುರುತ್ತದೆ, ಮೈತುಂಬ ಹೂ ಅರಳುತ್ತದೆ, ಅಲ್ಲಿಗೆ ಅವನ ಕಥೆ ಮುಗಿಯಿತು. ಕೊಲೆಯಾದ ಜಾಗದಲ್ಲಿ ಹೂವಿನ ರಾಶಿ ಕಂಡು ಎದೆ ಧಸಕ್ಕೆನ್ನುವುದನ್ನು ಈ ಗೇಮ್ ಒಂದೇ ನನಗೆ ಕಲಿಸಿದೆ.

ಇಂಥ ಲೋಕದ ಒಳಗೆ ಓಡಾಡುವುದು ಮಾತ್ರ ಮೂಲ ಆವೃತ್ತಿಯಲ್ಲಿ ಶಿಕ್ಷೆ. ಎಡಬಲದ ಗುಂಡಿ ಒತ್ತಿದರೆ ಮ್ಯಾನಿ ಯುದ್ಧದ ಟ್ಯಾಂಕಿನಂತೆ ನಿಂತಲ್ಲೇ ತಿರುಗುತ್ತಾನೆ, ಮುಖ ಯಾವ ಕಡೆಗಿದೆಯೋ ಆ ಕಡೆಗೆ ಹೆಜ್ಜೆ ಹಾಕುತ್ತಾನೆ. ಜೇಬಿನಲ್ಲಿರುವುದೇನೆಂದು ನೋಡಬೇಕಾದರೆ ಒಂದೊಂದಾಗಿ ಕೋಟಿನಿಂದ ಹೊರತೆಗೆಯುತ್ತಾ ಹೋಗಬೇಕು. 2015ರ ರೀಮಾಸ್ಟರ್ ಈ ಕೈಯ ಕುಂದನ್ನು ನೀಗಿಸಿತು: ಮೌಸ್‌ನಿಂದ ಬೇಕಾದಲ್ಲಿ ಕ್ಲಿಕ್ ಮಾಡಿದರೆ ಸಾಕು. ತಲೆಯ ಕುಂದು ಮಾತ್ರ ಹಾಗೆಯೇ ಉಳಿದಿದೆ. ಎರಡನೆಯ ವರ್ಷದ ಕಥೆಯಲ್ಲಿ ಒಂದು ಲಿಫ್ಟ್ ಬರುತ್ತದೆ. ಅದರೊಳಗೆ ಫೋರ್ಕ್‌ಲಿಫ್ಟ್ ಗಾಡಿಯನ್ನು ಓಡಿಸಿಕೊಂಡು ಹೋಗಿ, ಲಿಫ್ಟ್ ಚಲಿಸುತ್ತಿರುವಾಗಲೇ ಗಾಡಿಯನ್ನು ಸರಿಯಾದ ಕ್ಷಣಕ್ಕೆ ಮುಂದಕ್ಕೆ ನೂಕಿ, ಎರಡು ಮಹಡಿಗಳ ನಡುವೆ ಅದನ್ನು ಸಿಕ್ಕಿಸಬೇಕು. ಅಲ್ಲಿ ಏನಾದರೂ ಇದೆ ಎಂದು ಯಾರೂ ಹೇಳಿರುವುದಿಲ್ಲ. ನಾನು ಇಡೀ ಒಂದು ಸಂಜೆ ಆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದ್ದೇನೆ. ಆ ಸಂಜೆಯ ಬಗ್ಗೆ ಹೆಮ್ಮೆ ಏನೂ ಇಲ್ಲ.

ಆದ್ದರಿಂದ ರೀಮಾಸ್ಟರ್ ಆವೃತ್ತಿಯನ್ನೇ ತೆಗೆದುಕೊಳ್ಳಿ, ಅರ್ಧ ಗಂಟೆ ಸಿಕ್ಕಿಬಿದ್ದರೆ ನಾಚದೆ ವಾಕ್‌ಥ್ರೂ ನೋಡಿ. ಸಂಭಾಷಣೆಯ ಮಟ್ಟದಲ್ಲಿ ಈ ಐದರಲ್ಲಿ ಇದಕ್ಕೆ ಸಾಟಿಯಿಲ್ಲ. ಹಾಸ್ಯ ಇಷ್ಟವಿರುವವರು ಬೇರೆ ಯಾವುದರತ್ತಲೂ ನೋಡಬೇಕಿಲ್ಲ. ಒಗಟೆಂದರೆ ರಕ್ತದೊತ್ತಡ ಏರುವವರು ಮುಂದಿನವಕ್ಕೆ ಹೋಗಬಹುದು.

ನಿಧಾನವೇ ರುಚಿಯಾದವರಿಗೆ: ಸೈಬೀರಿಯಾ

ಬೆಲ್ಜಿಯಂನ ಕಾಮಿಕ್ಸ್ ಕಲಾವಿದ ಬೆನ್ವಾ ಸೊಕಾಲ್ 2002ರಲ್ಲಿ ಮಾಡಿದ ಗೇಮ್. ಕೇಟ್ ವಾಕರ್ ನ್ಯೂಯಾರ್ಕಿನ ವಕೀಲೆ, ಆಲ್ಪ್ಸ್‌ನ ಒಂದು ಹಳೆಯ ಯಂತ್ರಬೊಂಬೆ ಕಾರ್ಖಾನೆಯ ಮಾರಾಟಕ್ಕೆ ಸಹಿ ಹಾಕಿಸಿಕೊಳ್ಳಲು ಬರುತ್ತಾಳೆ. ಬಂದ ಹೊತ್ತಿಗೆ ಮಳೆಯಲ್ಲಿ ಶವಯಾತ್ರೆ ಹೊರಟಿದೆ. ಹೆಜ್ಜೆ ಹಾಕುತ್ತಿರುವವು ಕೀಲಿ ಕೊಟ್ಟ ಬೊಂಬೆಗಳು. ಸತ್ತವಳು ಕಾರ್ಖಾನೆಯ ಒಡತಿ. ಅವಳ ತಮ್ಮ ಹಾನ್ಸ್ ಎಲ್ಲೋ ಬದುಕಿದ್ದಾನಂತೆ. ಸಹಿಗಾಗಿ ಅವನನ್ನು ಹುಡುಕುತ್ತಾ ಕೇಟ್ ಸ್ಪ್ರಿಂಗ್ ತಿರುಚಿ ಓಡಿಸುವ ರೈಲಿನಲ್ಲಿ ಪೂರ್ವಕ್ಕೆ ಹೊರಡುತ್ತಾಳೆ.

ಈ ಗೇಮ್‌ನ ಕುಂದು ಒಂದೇ, ಆದರೆ ಎಲ್ಲೆಲ್ಲೂ ಇದೆ: ಖಾಲಿತನ. ಪರದೆಯಿಂದ ಪರದೆಗೆ ನಡೆಯುತ್ತೀರಿ, ಅಲ್ಲಿ ಮಾಡಲು ಏನೂ ಇರುವುದಿಲ್ಲ, ಮತ್ತೆ ನಡೆಯುತ್ತೀರಿ. ಮರೆತ ವಸ್ತುವೊಂದಕ್ಕಾಗಿ ಅದೇ ಮೆಟ್ಟಿಲುಗಳನ್ನು ಐದನೆಯ ಸಲ ಹತ್ತುತ್ತೀರಿ. ಬೇಡದ ಕಡೆ ಕ್ಲಿಕ್ ಮಾಡಿದರೆ ಅಲ್ಲಿಗೆ ಹೋಗುವ ಅಗತ್ಯವಿಲ್ಲವೆಂದು ಕೇಟ್ ಅದೇ ದನಿಯಲ್ಲಿ ಮತ್ತೆ ಮತ್ತೆ ಹೇಳುತ್ತಾಳೆ. ರೈಲಿನ ಚಾಲಕ ಆಸ್ಕರ್ ಎಂಬ ಯಂತ್ರಮಾನವನಂತೂ ಟಿಕೆಟ್ಟು, ಪರವಾನಗಿ, ಮುದ್ರೆ ಎಂದು ಹಟ ಹಿಡಿದು ನಿಮ್ಮನ್ನು ಊರೆಲ್ಲ ಅಲೆಸುತ್ತಾನೆ.

ಹಾಗಿದ್ದೂ ಈ ಖಾಲಿತನವನ್ನು ಕತ್ತರಿಸಿದರೆ ಗೇಮ್ ಉಳಿಯುವುದಿಲ್ಲ ಎಂದೇ ನನ್ನ ಅನುಮಾನ. ರೈಲು ನಿಲ್ಲುವ ಊರುಗಳೆಲ್ಲ ಕಾಲ ಮುಗಿದವು: ಕಾರ್ಖಾನೆ ಮುಚ್ಚುತ್ತಿರುವ ಹಳ್ಳಿ, ಪಾಳುಬಿದ್ದ ಸೋವಿಯತ್ ಗಣಿ, ಗಿರಾಕಿಗಳಿಲ್ಲದ ಆರೋಗ್ಯಧಾಮ. ಅಲ್ಲಿ ಗಲಗಲ ಎನ್ನುವ ಜನ ಇದ್ದಿದ್ದರೆ ಸುಳ್ಳೆನಿಸುತ್ತಿತ್ತು. ಇದರ ನಡುವೆ ಕೇಟ್‌ಳ ಮೊಬೈಲ್ ರಿಂಗಾಗುತ್ತದೆ. ಅಮ್ಮ, ಮೇಲಧಿಕಾರಿ, ಮದುವೆಯಾಗಲಿರುವ ಹುಡುಗ. ಮೊದಮೊದಲು ಅವಳು ಕ್ಷಮೆ ಕೇಳುತ್ತಾ ಮಾತಾಡುತ್ತಾಳೆ. ನಾಲ್ಕನೆಯ ಊರಿನ ಹೊತ್ತಿಗೆ ಆ ಕರೆಗಳು ಬೇರೆ ಯಾರದೋ ಬದುಕಿಗೆ ಬಂದವು ಎನಿಸತೊಡಗುತ್ತದೆ. ಅವಳು ಬದಲಾದದ್ದು ಯಾವ ದೃಶ್ಯದಲ್ಲಿ ಎಂದು ಕೇಳಿದರೆ ಬೆರಳಿಟ್ಟು ತೋರಿಸಲಾಗುವುದಿಲ್ಲ. ಆ ಖಾಲಿ ಪರದೆಗಳಲ್ಲೇ ಎಲ್ಲೋ ಬದಲಾಗಿದ್ದಾಳೆ.

ಒಗಟುಗಳು ಗ್ರಿಮ್ ಫ್ಯಾಂಡಾಂಗೋದಷ್ಟು ಕಠಿಣವಲ್ಲ, ತೀರಾ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಒಂದು ಎಚ್ಚರಿಕೆ: ಹಾನ್ಸ್‌ನ ಕಥೆ ಪೂರ್ತಿಯಾಗುವುದು 2004ರ ಎರಡನೆಯ ಭಾಗದಲ್ಲಿ. ಎರಡನ್ನೂ ಒಂದೇ ಎಂದು ಲೆಕ್ಕ ಹಾಕಿಕೊಂಡು ಕೂರಬೇಕು. ಕೆಲಸದಿಂದ ದಣಿದು ಬಂದು ಅರ್ಧ ಗಂಟೆ ಆಡುವವರಿಗೆ ಇದು ಹೊಂದುವುದಿಲ್ಲ, ಆ ಅರ್ಧ ಗಂಟೆ ಮೆಟ್ಟಿಲು ಹತ್ತುವುದರಲ್ಲೇ ಹೋದೀತು.

ವ್ಯಕ್ತಿ ಬೇಕಾದವರಿಗೆ: ದಿ ವಾಕಿಂಗ್ ಡೆಡ್, ಮೊದಲ ಸೀಸನ್

ಟೆಲ್‌ಟೇಲ್ ಸಂಸ್ಥೆ 2012ರಲ್ಲಿ ಐದು ಸಂಚಿಕೆಗಳಾಗಿ ತಂದದ್ದು. ಒಂದೊಂದು ಸಂಚಿಕೆ ಎರಡು, ಎರಡೂವರೆ ಗಂಟೆ. ಶವಗಳು ಎದ್ದು ಓಡಾಡುವ ಜಗತ್ತಿನಲ್ಲಿ ಲೀ ಎಂಬ ಅಪರಾಧಿ, ಒಂಟಿಯಾಗಿ ಉಳಿದ ಕ್ಲೆಮೆಂಟೈನ್ ಎಂಬ ಪುಟ್ಟ ಹುಡುಗಿಯ ಹೊಣೆ ಹೊರುತ್ತಾನೆ.

ಇದರ ಮೇಲಿನ ದೊಡ್ಡ ದೂರು ಎಲ್ಲರಿಗೂ ಗೊತ್ತಿರುವಂಥದ್ದು: ನಿಮ್ಮ ಆಯ್ಕೆಗಳು ಬೂಟಾಟಿಕೆ. ದೂರು ನಿಜ. ಮೊದಲ ಸಂಚಿಕೆಯಲ್ಲೇ ಒಂದು ತೋಟದಲ್ಲಿ ಇಬ್ಬರು ಒಟ್ಟಿಗೆ ಅಪಾಯಕ್ಕೆ ಸಿಲುಕುತ್ತಾರೆ. ಒಬ್ಬರ ಕಡೆಗೆ ಮಾತ್ರ ಓಡಲು ಸಮಯವಿದೆ. ನೀವು ಯಾರ ಕಡೆಗೆ ಓಡಿದರೂ ಬದುಕುವವನು ಬದುಕುತ್ತಾನೆ, ಸಾಯುವವನು ಸಾಯುತ್ತಾನೆ. ಇದನ್ನು ತಿಳಿದವರು ಮೋಸ ಎನ್ನುತ್ತಾರೆ. ಆದರೆ ಬದುಕಿದ ಹುಡುಗನ ಅಪ್ಪ ಅಲ್ಲಿಯೇ ಇದ್ದ, ನೀವು ತನ್ನ ಮಗನ ಕಡೆಗೆ ಓಡಿದಿರೋ ಇಲ್ಲವೋ ಎಂಬುದನ್ನು ನೋಡಿದ. ಮುಂದೆ ಅವನು ಮಾತಾಡುವ ವರಸೆಯೇ ಬೇರೆಯಾಗುತ್ತದೆ. ಈ ಗೇಮ್‌ನಲ್ಲಿ ಕಥೆಯ ದಾರಿ ಒಂದೇ, ಜೊತೆಯಲ್ಲಿ ನಡೆಯುವವರ ಮುಖ ಮಾತ್ರ ಬದಲು. ಕವಲೊಡೆಯುವ ಕಥೆ ಬೇಕೆಂದು ಬಂದವರಿಗೆ ಇದು ನಿರಾಸೆ. ಸಂಬಂಧದ ತೂಕ ಬೇಕಾದವರಿಗೆ ಇಷ್ಟು ಸಾಕು.

ಮೂರನೆಯ ಸಂಚಿಕೆಯಲ್ಲಿ, ಓಡುವ ರೈಲಿನೊಳಗೆ, ಲೀ ಕ್ಲೆಮೆಂಟೈನ್‌ಳ ಕೂದಲು ಕತ್ತರಿಸುತ್ತಾನೆ. ಉದ್ದ ಕೂದಲಿದ್ದರೆ ಹಿಡಿದೆಳೆಯುವುದು ಸುಲಭ ಎಂಬ ಕಾರಣಕ್ಕೆ. ಒಗಟಿಲ್ಲ, ಅಂಕವಿಲ್ಲ, ತಪ್ಪಾಗುವ ಭಯವೂ ಇಲ್ಲ. ಆಮೇಲಿನ ಸಂಚಿಕೆಗಳ ಸಾವುನೋವುಗಳಲ್ಲಿ ಕೆಲವು ನನಗೆ ಮಸುಕಾಗಿವೆ. ಆ ಕತ್ತರಿಯ ಕೆಲಸ ಮಸುಕಾಗಿಲ್ಲ.

ತಾಂತ್ರಿಕವಾಗಿ ಗೇಮ್ ಅಲ್ಲಲ್ಲಿ ಮುಗ್ಗರಿಸುತ್ತದೆ, ನಿರ್ಣಾಯಕ ಕ್ಷಣಕ್ಕೆ ಮುಂಚೆ ಚಿತ್ರ ಒಂದು ಗಳಿಗೆ ತಡೆದು ನಿಲ್ಲುವುದೂ ಉಂಟು. ರಕ್ತಪಾತ ಜಾಸ್ತಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡುವಂಥದ್ದಲ್ಲ. ಉತ್ತರಿಸಲು ಕೆಲವೇ ಸೆಕೆಂಡು ಕೊಡುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ನಿಧಾನವಾಗಿ ಓದುವವರಿಗೆ ಇದು ನಿಜಕ್ಕೂ ಅಡ್ಡಿ. ಆದರೆ ಸುಮ್ಮನಿರುವುದೂ ಇಲ್ಲಿ ಒಂದು ಉತ್ತರವೇ, ಗೇಮ್ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ನಿರ್ಧಾರ ಬೇಕಾದವರಿಗೆ: ಲೈಫ್ ಈಸ್ ಸ್ಟ್ರೇಂಜ್

2015ರ ಈ ಗೇಮ್ ಫ್ರಾನ್ಸಿನ ಡೋಂಟ್‌ನಾಡ್ ಸಂಸ್ಥೆಯದು, ಇದೂ ಐದು ಸಂಚಿಕೆ. ಮ್ಯಾಕ್ಸ್ ಎಂಬ ವಿದ್ಯಾರ್ಥಿನಿಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಬರುತ್ತದೆ. ಹೇಳಿದ ಮಾತು ಸರಿಯಾಗಲಿಲ್ಲವೇ? ಹಿಂದೆ ಹೋಗಿ ಬೇರೆ ಮಾತು ಹೇಳಿ ನೋಡಬಹುದು.

ಕುಂದುಗಳ ಪಟ್ಟಿ ಇಲ್ಲಿ ಉದ್ದ. ಹದಿಹರೆಯದವರ ಆಡುಮಾತನ್ನು ದೊಡ್ಡವರು ಬರೆದರೆ ಹೇಗಿರುತ್ತದೋ ಹಾಗಿದೆ ಸಂಭಾಷಣೆ. ತುಟಿಗಳು ಮಾತಿಗೆ ಹೊಂದುವುದಿಲ್ಲ. ಎರಡನೆಯ ಸಂಚಿಕೆಯಲ್ಲಿ ಗುಜರಿ ರಾಶಿಯ ನಡುವೆ ಐದು ಖಾಲಿ ಬಾಟಲಿ ಹುಡುಕಲು ಹೇಳುತ್ತಾರೆ, ಅದು ಯಾವ ಪುರುಷಾರ್ಥಕ್ಕೆಂದು ಇಂದಿಗೂ ನನಗೆ ಅರ್ಥವಾಗಿಲ್ಲ. ಕೊನೆಯ ಸಂಚಿಕೆ ಐದು ಸಂಚಿಕೆಗಳ ಆಯ್ಕೆಗಳನ್ನೆಲ್ಲ ಬದಿಗಿಟ್ಟು ಎರಡೇ ಬಾಗಿಲು ತೋರಿಸುತ್ತದೆ.

ಬಾಟಲಿಗಳ ಅದೇ ಸಂಚಿಕೆಯ ಕೊನೆಯಲ್ಲಿ ಒಂದು ಮಾಳಿಗೆಯ ದೃಶ್ಯವಿದೆ. (ಆತ್ಮಹತ್ಯೆಯ ವಿಷಯ ನಿಮ್ಮನ್ನು ಕಲಕುವುದಾದರೆ ಈ ಗೇಮ್ ಬೇಡ, ಈ ಪ್ಯಾರಾ ಕೂಡ ದಾಟಿ ಹೋಗಿ.) ಕೇಟ್ ಎಂಬ ಸಹಪಾಠಿ ಅಂಚಿನಲ್ಲಿ ನಿಂತಿದ್ದಾಳೆ. ಮ್ಯಾಕ್ಸ್ ಮೇಲೆ ತಲುಪುವಷ್ಟರಲ್ಲಿ ಅವಳ ಶಕ್ತಿ ಬರಿದಾಗಿದೆ. ಕಾಲ ಹಿಂದೆ ಸರಿಯುವುದಿಲ್ಲ. ಎರಡು ಸಂಚಿಕೆಗಳ ಉದ್ದಕ್ಕೂ ಪ್ರತಿ ಮಾತನ್ನೂ ಅಳಿಸಿ ತಿದ್ದಿ ಅಭ್ಯಾಸವಾದ ಬೆರಳು ಆ ಗುಂಡಿಯನ್ನು ಹುಡುಕುತ್ತದೆ, ಅದು ಸತ್ತಿದೆ. ಈಗ ಕೆಲಸಕ್ಕೆ ಬರುವುದು ಒಂದೇ: ಈ ಹುಡುಗಿಯ ಬಗ್ಗೆ ನಿಮಗೇನು ನೆನಪಿದೆ? ಅವಳ ಕೋಣೆಯಲ್ಲಿ ಅಡ್ಡಾಡಿದಾಗ ಗೋಡೆ ಮೇಜುಗಳನ್ನು ನೋಡಿದ್ದಿರಾ? ಮನೆಯವರಲ್ಲಿ ಅವಳಿಗೆ ಹತ್ತಿರದವರು ಯಾರು? ಬೆಳಿಗ್ಗೆ ಅವಳ ಕರೆ ಬಂದಾಗ ಫೋನ್ ಎತ್ತಿದ್ದಿರಾ? ಸುಮ್ಮನೆ ಕಣ್ಣಾಡಿಸಿ ಬಂದವರು ಇಲ್ಲಿ ತಡವರಿಸುತ್ತಾರೆ. ವಾಕ್‌ಥ್ರೂ ನೋಡಿ ಈ ದೃಶ್ಯ ದಾಟಿದವರಿಗೆ ಗೇಮ್ ಸಿಕ್ಕಲೇ ಇಲ್ಲ ಎನ್ನುವೆ.

ಇಲ್ಲಿನ ಕುಂದುಗಳು ಬಹುಪಾಲು ಕಿವಿಯವು, ಅಂದರೆ ಒಗ್ಗಿಹೋಗುವಂಥವು. ಕೊನೆಯ ಎರಡು ಬಾಗಿಲಿನ ವಿಷಯ ಕಥೆಯ ಕುಂದೇ ಹೌದು, ಅದನ್ನು ಸಮರ್ಥಿಸುವುದಿಲ್ಲ. ಕೈಯಿಂದ ಹಣ ಬಿಡುವ ಮುನ್ನ ಅಂಗಡಿಯ ಪುಟದಲ್ಲಿ ಮೊದಲ ಸಂಚಿಕೆ ಬಿಟ್ಟಿಯಾಗಿ ಇದೆಯೇ ನೋಡಿ, 2016ರಲ್ಲಿ ಅದನ್ನು ಉಚಿತ ಮಾಡಿದ್ದರು. ಆ ಒಂದರಲ್ಲೇ ಸಂಭಾಷಣೆ ಸಹಿಸಲಸಾಧ್ಯವೆನಿಸಿದರೆ ಅಲ್ಲಿಗೇ ಕೈಬಿಡಬಹುದು, ನಷ್ಟವಿಲ್ಲ. 2022ರ ರೀಮಾಸ್ಟರ್ ಮುಖಭಾವಗಳನ್ನು ತಿದ್ದಿದೆ. ಯಂತ್ರ ಹಳೆಯದಾಗಿದ್ದರೆ ಮೂಲವೇ ಸಾಕು.

ಒಂದೇ ಸಂಜೆ ಇರುವವರಿಗೆ: ಟು ದಿ ಮೂನ್

ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಯಾವ ಹಳೆಯ ಯಂತ್ರದಲ್ಲೂ ಓಡುತ್ತದೆ, ಮೊಬೈಲಿಗೂ ಬಂದಿದೆ. ಕಾನ್ ಗಾವ್ 2011ರಲ್ಲಿ ಆರ್‌ಪಿಜಿ ಮೇಕರ್ ಎಂಬ ಸಿದ್ಧ ಸಾಧನ ಬಳಸಿ ಮಾಡಿದ್ದು. ಸಾಯುತ್ತಿರುವ ಮುದುಕ ಜಾನಿಗೆ ಚಂದ್ರನಲ್ಲಿಗೆ ಹೋಗುವ ಆಸೆ. ಏಕೆಂದು ಅವನಿಗೇ ಗೊತ್ತಿಲ್ಲ. ಇಬ್ಬರು ವೈದ್ಯರು ಅವನ ನೆನಪುಗಳನ್ನು ಮುಪ್ಪಿನಿಂದ ಬಾಲ್ಯದತ್ತ ಒಂದೊಂದಾಗಿ ಹಿಂದಕ್ಕೆ ದಾಟುತ್ತಾರೆ.

ಗೇಮ್ ಎಂದು ನೋಡಿದರೆ ಇದು ಸೊರಗಿದ ಗೇಮ್. ನೆನಪಿನಲ್ಲಿ ಐದು ವಸ್ತು ಹುಡುಕಿ, ಚೌಕಗಳನ್ನು ಮಗುಚಿ ಚಿತ್ರ ಜೋಡಿಸಿ, ಮುಂದೆ ಹೋಗಿ, ಇಷ್ಟೇ. ಗಂಭೀರ ದೃಶ್ಯಗಳ ನಡುವೆ ಬಂದು ಬೀಳುವ ಜೋಕುಗಳೂ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಆದರೆ ಜಾನಿಯ ಮನೆಯಲ್ಲಿ ಅವನ ಹೆಂಡತಿ ರಿವರ್ ಮಡಿಸಿಟ್ಟ ಕಾಗದದ ಮೊಲಗಳ ರಾಶಿ ಇದೆ. ಒಂದು ಮಾತ್ರ ಎರಡು ಬಣ್ಣದ್ದು. ಅದನ್ನು ಕೈಯಲ್ಲಿಟ್ಟು ಅವಳು ಗಂಡನನ್ನು ಕೇಳುತ್ತಾಳೆ, ಇದು ಹೇಗಿದೆ ಹೇಳು. ಅವನು ಕಂಡದ್ದನ್ನು ಹೇಳುತ್ತಾನೆ. ಇನ್ನೂ? ಎನ್ನುತ್ತಾಳೆ. ಇನ್ನೂ? ಅವಳು ಏನನ್ನು ಕೇಳುತ್ತಿದ್ದಳು ಎಂಬುದು ನಮಗೆ ತಿಳಿಯುವ ಹೊತ್ತಿಗೆ ನಾವು ಕಾಲದಲ್ಲಿ ಬಹಳ ಹಿಂದಕ್ಕೆ ಬಂದುಬಿಟ್ಟಿರುತ್ತೇವೆ, ಓಡಿಹೋಗಿ ಅವನಿಗೆ ಹೇಳುವಂತಿಲ್ಲ.

ಗೇಮ್ ಆಡಿಯೇ ಗೊತ್ತಿಲ್ಲದವರಿಗೆ ನಾನು ಮೊದಲು ಕೊಡುವುದು ಇದನ್ನೇ. ಪಾತ್ರಗಳಿಗೆ ಧ್ವನಿ ಇಲ್ಲ, ಮಾತೆಲ್ಲವೂ ಓದು, ಆದರೆ ಓದಲು ಎಷ್ಟು ಬೇಕಾದರೂ ಸಮಯವಿದೆ.

ಓದು ಎಂದಾಗ ಒಂದು ಮಾತು. ಇಂಗ್ಲಿಷ್ ಎರಡನೆಯ ಭಾಷೆಯಾಗಿರುವ ನಮ್ಮಂಥವರು ಹಳೆಯ ಗೇಮ್‌ಗಳಲ್ಲಿ ಸಿಕ್ಕಿಬಿದ್ದಾಗ ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುವುದುಂಟು. 1991ರ ಮಂಕಿ ಐಲ್ಯಾಂಡ್ ಎರಡನೆಯ ಭಾಗದಲ್ಲಿ ಒಂದು ಪಂಪಿನ ತಿರುಪು ತಿರುಗಿಸಬೇಕು. ಪಿಯಾನೋ ನುಡಿಸುವ ಕೋತಿಯನ್ನು ಸಮ್ಮೋಹನಗೊಳಿಸಿ, ಸೆಟೆದು ನಿಂತ ಅದನ್ನೇ ಸ್ಪ್ಯಾನರ್‌ನಂತೆ ಬಳಸಬೇಕು. ಅಮೆರಿಕದಲ್ಲಿ ಅಂಥ ಸಾಧನಕ್ಕೆ 'ಮಂಕಿ ವ್ರೆಂಚ್' ಎನ್ನುತ್ತಾರೆ, ಒಗಟು ಅಷ್ಟೇ. ಬ್ರಿಟನ್ನಿನವರೇ ಕಕ್ಕಾಬಿಕ್ಕಿಯಾದರು. ಆ ಪೀಳಿಗೆಯ ಗೇಮ್ ಹಿಡಿಯುವುದಾದರೆ ವಾಕ್‌ಥ್ರೂವನ್ನು ನಿಘಂಟಿನ ಹಾಗೆ ಪಕ್ಕದಲ್ಲಿಟ್ಟುಕೊಳ್ಳಿ.

ಮೊದಲನೆಯದು ಹಿಡಿಸಿ ಎರಡನೆಯದಕ್ಕೆ ಕೈ ಹಾಕುವವರಿಗೆ: ಸೈಬೀರಿಯಾದ ಮೂರನೆಯ ಭಾಗ 2017ರಲ್ಲಿ ಬಂತು, ಕೈಯ ಕುಂದು ಎಂದರೇನೆಂದು ನೋಡಬೇಕಾದವರು ಮಾತ್ರ ಅದನ್ನು ಆಡಲಿ. 2022ರಲ್ಲಿ ಬಂದ 'ದಿ ವರ್ಲ್ಡ್ ಬಿಫೋರ್' ಆ ನೋವನ್ನು ಮರೆಸುವಷ್ಟು ಚೆನ್ನಾಗಿದೆ, ಸೊಕಾಲ್ ಅದರ ಬಿಡುಗಡೆಯನ್ನು ನೋಡಲು ಉಳಿದಿರಲಿಲ್ಲ. ಕ್ಲೆಮೆಂಟೈನ್‌ಳ ಕಥೆ ನಾಲ್ಕನೆಯ ಸೀಸನ್‌ವರೆಗೂ ಇದೆ. ಅದರ ನಡುವೆಯೇ 2018ರಲ್ಲಿ ಟೆಲ್‌ಟೇಲ್ ಬಾಗಿಲು ಮುಚ್ಚಿತು, ಉಳಿದ ಸಂಚಿಕೆಗಳನ್ನು ಸ್ಕೈಬೌಂಡ್ ಎಂಬ ಸಂಸ್ಥೆ ಮುಗಿಸಿಕೊಟ್ಟಿತು. ಮಧ್ಯದ ಸೀಸನ್‌ಗಳಲ್ಲಿ ತಾಳ್ಮೆ ಬೇಕು. ಆಡುವುದಾದರೆ ಮೊದಲ ಸೀಸನ್‌ನ ಸೇವ್ ಫೈಲ್ (ನಿಮ್ಮ ಆಟ ಉಳಿದಿರುವ ಕಡತ) ಅಳಿಸಬೇಡಿ, ನೀವು ಬೆಳೆಸಿದ ಹುಡುಗಿ ಅದರೊಳಗೇ ಇದ್ದಾಳೆ.